ಹಸ್ತಪ್ರತಿಯನ್ನು ಫಾರ್ಮ್ಯಾಟ್ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಕೊಡುವ ಮೊದಲು ಇದನ್ನು ಓದಿ

ಕಾಸರಗೋಡಿನ ಕಡೆಯಿಂದ ಸಂಶೋಧನೆಗೆ ಸೇರಿರುವ ಯಾರಿಗೂ ನನಗೆ ಆದದ್ದು ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ಮೂರು ವಾರ ಗೈಡ್ ಬಿಟ್ಟು ಬೇರೆ ಯಾರ ಬಳಿಯೂ ಹೇಳದೆ ಸುಮ್ಮನಿದ್ದೆ. ಆದರೆ ಮೊನ್ನೆ ನನ್ನ ಜೂನಿಯರ್ ಒಬ್ಬಳು, ಫಾರ್ಮ್ಯಾಟ್ ಮಾಡಿಕೊಡುತ್ತೇವೆಂದು ನನ್ನ ಲೇಖನವನ್ನು ಕೆಡಿಸಿದ ಸಂಸ್ಥೆಯವರದೇ ಸಂದೇಶವನ್ನು ನನಗೆ ಕಳುಹಿಸಿ "ಅಕ್ಕಾ, ಇವರಿಗೆ ಕೊಡಬಹುದಾ?" ಎಂದು ಕೇಳಿದ ಮೇಲೆ ಸುಮ್ಮನಿರುವುದು ಸರಿಯಲ್ಲವೆಂದು ತೋರಿತು.

ನನ್ನ ವಿಷಯ ಬಾಯಾರು, ಪೈವಳಿಕೆ, ಪೆರ್ಲ ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆಯುವ ಸುರಂಗಗಳು ಹಾದುಹೋಗುವ ಮುರಕಲ್ಲಿನ (ಲ್ಯಾಟರೈಟ್) ಪದರಗಳದ್ದು. ಮೇಲಿನ ಗಟ್ಟಿ ಮುರಕಲ್ಲು, ಅದರ ಕೆಳಗಿನ ಮೆತ್ತನೆಯ ಶೇಡಿ ಮಣ್ಣು, ಅದಕ್ಕೂ ಕೆಳಗೆ ಅರ್ಧ ಶಿಥಿಲವಾದ ಮಾತೃಶಿಲೆ, ಈ ಮೂರರಿಂದಲೂ ಮಾದರಿ ತೆಗೆದು, ಅವುಗಳಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ಸಿಲಿಕಾ ಎಷ್ಟೆಷ್ಟಿವೆ ಎಂದು, ಎಕ್ಸ್-ಕಿರಣ ಹಾಯಿಸಿ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದ್ದೆ. ಎರಡು ಬೇಸಗೆಗಳ ಕೆಲಸ ಅದು. ಸುರಂಗದೊಳಗೆ ಬಗ್ಗಿಕೊಂಡು ಹೋಗಿ, ಮುಂದೆ ಮೊಂಬತ್ತಿ ಹಿಡಿದುಕೊಂಡ ಅಜ್ಜನ ಹಿಂದೆ ನಡೆದು, ಮೊಂಬತ್ತಿ ಮಂಕಾದ ಕೂಡಲೇ (ಒಳಗೆ ಗಾಳಿ ಸಾಲದು ಎಂಬ ಸೂಚನೆ ಅದು) ಹೊರಗೆ ಬಂದು, ಮತ್ತೆ ಒಳಗೆ ಹೋಗಿ ತೆಗೆದ ಮಾದರಿಗಳು ಅವು.

ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನವಾದರೂ ಒಳ್ಳೆಯ ಭೂವಿಜ್ಞಾನ ಜರ್ನಲ್‌ಗೆ ಹೋಗಬೇಕಿತ್ತು. ಬರೆದು ಮುಗಿಸಿದ್ದೆ, ಗೈಡ್ ನೋಡಿ ಒಪ್ಪಿದ್ದರು. ಉಳಿದದ್ದು ಜರ್ನಲ್‌ನ ಮಾರ್ಗಸೂಚಿಗೆ ಹೊಂದಿಸುವುದು ಮಾತ್ರ: ಎರಡು ಸಾಲಿನ ಅಂತರ, ಅಂಚಿನಲ್ಲಿ ಸಾಲುಸಂಖ್ಯೆ, ಅವರು ಹೇಳಿದ ಕ್ರಮದಲ್ಲಿ ಉಲ್ಲೇಖಪಟ್ಟಿ, ಚಿತ್ರಗಳು ಬೇರೆ ಫೈಲಿನಲ್ಲಿ 300 ಡಿಪಿಐಗೆ (ಅಂಗುಲಕ್ಕೆ 300 ಚುಕ್ಕೆಗಳಿಗೆ) ಕಡಿಮೆ ಇಲ್ಲದಂತೆ. ಕಾಲೇಜಿನಲ್ಲಿ ಆಗ ಉತ್ತರಪತ್ರಿಕೆಗಳ ಮೌಲ್ಯಮಾಪನ ನಡೆಯುತ್ತಿತ್ತು, ಮನೆಯಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ. ಸಂಶೋಧನಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದ ಜಾಹೀರಾತನ್ನು ನೋಡಿ ಫೋನ್ ಮಾಡಿದೆ. ಒಂಬತ್ತು ಸಾವಿರ ರೂಪಾಯಿ, ಅರ್ಧ ಮುಂಗಡ, ಐದು ದಿನದ ಕೆಲಸ. "ನಾವು ಫಾರ್ಮ್ಯಾಟ್ ಮಾತ್ರ ಮಾಡುವುದು ಮೇಡಂ, ನಿಮ್ಮ ಕಂಟೆಂಟ್ ಮುಟ್ಟುವುದಿಲ್ಲ" ಎಂದು ಆ ವ್ಯಕ್ತಿ ಫೋನಿನಲ್ಲಿ ಎರಡು ಸಲ ಹೇಳಿದ್ದರು. ನಾನು ಕೇಳದೆಯೇ ಹೇಳಿದ್ದರು. ಆ ಮಾತನ್ನೇ ನಾನು ನಂಬಿದ್ದು.

ಏಳನೆಯ ದಿನ ರಾತ್ರಿ ಫೈಲ್ ಬಂತು. ತೆರೆದು ನೋಡಿದರೆ ಮೊದಲ ಪುಟಗಳು ಅಚ್ಚುಕಟ್ಟಾಗಿದ್ದವು, ಸಾಲುಸಂಖ್ಯೆ ಇತ್ತು, ಶೀರ್ಷಿಕೆಪುಟ ಬೇರೆ ಇತ್ತು, ಸಾರಾಂಶ ಪದಮಿತಿಯೊಳಗಿತ್ತು. ಉಳಿದ ಹಣ ಕಳುಹಿಸಿದೆ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಜರ್ನಲ್‌ನ ತಾಣದಲ್ಲಿ ನನ್ನದೇ ಲಾಗಿನ್‌ನಿಂದ ಸಲ್ಲಿಸಿದೆ. ಪೂರ್ತಿ ಓದಲಿಲ್ಲ. ನನ್ನ ತಪ್ಪು ಇದೊಂದೇ, ಆದರೆ ಇದು ಸಣ್ಣ ತಪ್ಪಲ್ಲವೆಂದು ನನಗೆ ಗೊತ್ತಿದೆ.

ಹನ್ನೆರಡು ದಿನಗಳ ನಂತರ ಸಂಪಾದಕರ ಪತ್ರ ಬಂತು. ಬದಿಯಡ್ಕದ ಬಸ್ಸಿನಲ್ಲಿ ಕುಳಿತು ಓದಿದೆ. ವಿಮರ್ಶಕರಿಗೆ ಕಳುಹಿಸದೆಯೇ ತಿರಸ್ಕರಿಸಿದ್ದರು. ಲೇಖನದಲ್ಲಿ ಈ ಶಾಸ್ತ್ರದಲ್ಲಿ ಎಲ್ಲೂ ಇಲ್ಲದ ಪದಗಳಿವೆ, ಮೂರು ಉಲ್ಲೇಖಗಳು ಎಲ್ಲೂ ಸಿಗುತ್ತಿಲ್ಲ, ಕೋಷ್ಟಕದ ಅಂಕಿಗಳ ಬಗ್ಗೆ ಸಂಶಯವಿದೆ ಎಂದು ಬರೆದು, ಸಹಲೇಖಕರಾದ ನನ್ನ ಗೈಡ್‌ಗೂ ಪ್ರತಿ ಕಳುಹಿಸಿದ್ದರು. ಇಳಿಯಬೇಕಾದ ಸ್ಟಾಪ್ ದಾಟಿ ಬಸ್ಸು ಮುಂದೆ ಹೋದದ್ದೂ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ನನ್ನ ಮೂಲ ಪ್ರತಿಯನ್ನೂ ಅವರ ಪ್ರತಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ನಾನು 'ಲಾಸ್ ಆನ್ ಇಗ್ನಿಷನ್' ಎಂದು ಬರೆದಿದ್ದೆ. ಮಾದರಿಯನ್ನು ಕುಲುಮೆಯಲ್ಲಿ ಕಾಯಿಸಿದಾಗ ನೀರು ಮತ್ತು ಇತರ ಆವಿಗಳು ಹೋಗಿ ಕಡಿಮೆಯಾಗುವ ತೂಕಕ್ಕೆ ಭೂರಸಾಯನದಲ್ಲಿ ಇರುವ ಪದ ಅದು, ಅದಕ್ಕೆ ಬದಲಿ ಪದವಿಲ್ಲ. ಅವರ ಪ್ರತಿಯಲ್ಲಿ ಅದು 'ಮಿಸ್‌ಫಾರ್ಚೂನ್ ಆನ್ ಸ್ಟಾರ್ಟ್' ಆಗಿತ್ತು. 'ಪೇರೆಂಟ್ ರಾಕ್' ಎಂಬುದು 'ಗಾರ್ಡಿಯನ್ ಸ್ಟೋನ್' ಆಗಿತ್ತು. ಶಿಲೆ ಶಿಥಿಲವಾಗುತ್ತ ಉಂಟಾದ ಪದರಗಳ ಕ್ರಮಕ್ಕೆ ಇರುವ 'ವೆದರಿಂಗ್ ಪ್ರೊಫೈಲ್' ಎಂಬುದು 'ಕ್ಲೈಮೇಟ್ ಪ್ರೊಫೈಲ್' ಆಗಿತ್ತು. ಒಂದು ಕಡೆಯಲ್ಲ, ಮೊದಲ ಎರಡು ಪುಟ ಬಿಟ್ಟರೆ ಎಲ್ಲ ಕಡೆ. ಬೇರೆ ಲೇಖನಗಳೊಂದಿಗಿನ ಸಾಮ್ಯದ ಶೇಕಡಾವಾರು (ಕೃತಿಚೌರ್ಯ ಪರೀಕ್ಷೆಯಲ್ಲಿ ಬರುವ ಅಂಕಿ) ಇಳಿಸಲು ನನ್ನ ಬರಹವನ್ನು ಪದ ಬದಲಿಸುವ ಯಾವುದೋ ತಂತ್ರಾಂಶಕ್ಕೆ ಹಾಕಿದ್ದರು. ಇಂಥ ವಿಕಾರ ಪದಗಳನ್ನು ಫ್ರಾನ್ಸಿನ ಸಂಶೋಧಕ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು 2021ರಲ್ಲೇ 'ಟಾರ್ಚರ್ಡ್ ಫ್ರೇಸಸ್' ಎಂದು ಕರೆದು, ನಕಲಿ ಲೇಖನಗಳನ್ನು ಹಿಡಿಯಲು ಬಳಸಿದ್ದಾರೆ. ಅಂದರೆ ಸಂಪಾದಕರ ಕಣ್ಣಿಗೆ ನನ್ನ ಲೇಖನ ನಕಲಿಗಳ ಸಾಲಿಗೆ ಸೇರಿತ್ತು. ನನ್ನ ಎರಡು ಬೇಸಗೆಗಳ ಕೆಲಸ.

ಆದರೆ ನಾನು ಮೋಸಹೋದೆ ಎಂದು ನಿಜವಾಗಿ ಅರಿವಾದದ್ದು ಮೂರನೆಯ ಕೋಷ್ಟಕಕ್ಕೆ ಬಂದಾಗ. ಎಕ್ಸ್‌ಆರ್‌ಎಫ್ ವಿಶ್ಲೇಷಣೆಯಲ್ಲಿ ಸಿಲಿಕಾದಂಥ ಎಲ್ಲ ಆಕ್ಸೈಡುಗಳ ಶೇಕಡಾವಾರನ್ನೂ, ಮಾದರಿಯನ್ನು ಕಾಯಿಸಿದಾಗ ಹೋದ ತೂಕವನ್ನೂ ಕೂಡಿಸಿದರೆ ಮೊತ್ತ ಸರಿಯಾಗಿ ನೂರಕ್ಕೆ ಬರುವುದು ಅಪರೂಪ, ಸ್ವಲ್ಪ ಹೆಚ್ಚು ಕಡಿಮೆ ಇರುವುದೇ ಪ್ರಾಮಾಣಿಕ ಅಳತೆಯ ಲಕ್ಷಣ ಎಂದು ಪ್ರಯೋಗಾಲಯಕ್ಕೆ ಹೋದ ಯಾರಿಗೂ ಗೊತ್ತು. ನನ್ನ ಸಾಲುಗಳಲ್ಲಿ 99.42, 100.31, 98.97 ಎಂದಿದ್ದವು. ಅವರ ಪ್ರತಿಯಲ್ಲಿ ಎಲ್ಲ ಹದಿನಾಲ್ಕು ಸಾಲುಗಳಲ್ಲೂ 100.00. ಮೊತ್ತ ಹೊಂದಿಸಲು ಸಿಲಿಕಾದ ಅಂಕಿಗಳನ್ನು ತಿದ್ದಿದ್ದರು. ಫೋನ್ ಮಾಡಿ ಕೇಳಿದೆ. ಬಂದ ಉತ್ತರ ಅಕ್ಷರಶಃ ಇದು: "ಟೋಟಲ್ ತಪ್ಪಿತ್ತು ಮೇಡಂ, ನಾವು ಸರಿ ಮಾಡಿಕೊಟ್ಟಿದ್ದೇವೆ. ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಕೂಡ ಹಾಕಲಿಲ್ಲ."

ಮುಟ್ಟುವುದಿಲ್ಲ ಎಂದಿದ್ದಿರಲ್ಲ ಎಂದೆ. "ಅದು ಕಂಟೆಂಟ್ ಅಲ್ಲ ಮೇಡಂ, ಟೇಬಲ್."

ಉಲ್ಲೇಖಪಟ್ಟಿಯ ಕಥೆ ಬೇರೆ. ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು. ಅವನು ಅದನ್ನು ವರ್ಣಿಸಿದ ಅಂಗಾಡಿಪುರಂ ಮಲಪ್ಪುರಂ ಜಿಲ್ಲೆಯಲ್ಲಿದೆ, ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಮುಂದೆ ಚಂದ್ರಗಿರಿ ಹೊಳೆ ದಾಟಿ ನಮ್ಮ ಊರುಗಳ ಮೂಲಕವೇ ಮಂಗಳೂರಿಗೆ ಹೋದವನು. ಕೇರಳದ ಮುರಕಲ್ಲಿನ ಬಗ್ಗೆ ಬರೆದು ಬುಕನನ್‌ನನ್ನು ಬಿಡುವುದೆಂದರೆ ಅಡಿಪಾಯವನ್ನೇ ಬಿಟ್ಟಂತೆ. ಸಂಸ್ಥೆಯವರು ಆ ಉಲ್ಲೇಖವನ್ನೇ ತೆಗೆದುಹಾಕಿದ್ದರು. "ಇನ್ನೂರು ವರ್ಷ ಹಳೆಯ ರೆಫರೆನ್ಸ್ ಯಾರೂ ಒಪ್ಪುವುದಿಲ್ಲ, ಐದು ವರ್ಷದೊಳಗಿನದು ಹಾಕಿದ್ದೇವೆ" ಎಂದರು. ಹಾಕಿದ್ದ ಆ ಮೂರು ಹೊಸ ಉಲ್ಲೇಖಗಳು ಲೋಕದಲ್ಲೇ ಇಲ್ಲ. ಅವುಗಳ ಡಿಒಐ ಸಂಖ್ಯೆ (ಲೇಖನಕ್ಕೆ ಕೊಡುವ ಗುರುತಿನ ಸಂಖ್ಯೆ) ಹಾಕಿ ಹುಡುಕಿದೆ, ಒಂದು ಯಾವುದೋ ಹಲ್ಲಿನ ಚಿಕಿತ್ಸೆಯ ಲೇಖನಕ್ಕೆ ಹೋಯಿತು, ಉಳಿದೆರಡು ಎಲ್ಲಿಗೂ ಹೋಗಲಿಲ್ಲ.

ಚಿತ್ರಗಳನ್ನೂ ಹೇಳಿಬಿಡುತ್ತೇನೆ. 300 ಡಿಪಿಐ ಎಂದರೆ ಫೈಲಿನಲ್ಲಿ 300 ಎಂದು ಬರೆದಿದ್ದರೆ ಆಗಲಿಲ್ಲ. ಎಂಟೂವರೆ ಸೆಂಟಿಮೀಟರ್ ಅಗಲದ ಒಂದು ಕಾಲಮ್‌ಗೆ ಸುಮಾರು ಸಾವಿರ ಪಿಕ್ಸೆಲ್ ಬೇಕು. ನಾನು ಕೊಟ್ಟ ಮೂಲ ಚಿತ್ರಗಳಲ್ಲಿ ಅದು ಧಾರಾಳವಾಗಿತ್ತು. ಅವರು ನನ್ನ ವರ್ಡ್ ಫೈಲಿನ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಹಿಗ್ಗಿಸಿ, ಟಿಫ್ ಎಂದು ಉಳಿಸಿದ್ದರು. ಶೇಡಿಯ ಪದರ ಎಲ್ಲಿ ಆರಂಭವಾಗುತ್ತದೆ ಎಂದು ತೋರಿಸುವ ಗೆರೆಯೇ ಮಸುಕಾಗಿತ್ತು.

ಕೊನೆಗೆ ಕೃತಜ್ಞತೆಯ ಭಾಗ. ಮೊಂಬತ್ತಿ ಹಿಡಿದು ನನ್ನನ್ನು ಒಳಗೆ ಕರೆದುಕೊಂಡು ಹೋದ ಅಜ್ಜ ಐವತ್ತು ವರ್ಷ ಪಿಕ್ಕಾಸು ಹಿಡಿದು ಸುರಂಗ ಕೊರೆದವರು. ಯಾವ ಪದರದಲ್ಲಿ ನೀರು ಒಸರುತ್ತದೆ ಎಂದು ಗೋಡೆಗೆ ಕೈಯಿಟ್ಟು ಹೇಳಿದವರು ಅವರು, ಯಂತ್ರ ಆಮೇಲೆ ಅದನ್ನೇ ಹೇಳಿತು. ಅವರ ಹೆಸರನ್ನು ಅಚ್ಚಿನಲ್ಲಿ ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಸಾಲು ಇರಲಿಲ್ಲ. ಕೇಳಿದ್ದಕ್ಕೆ, "ಇಂಥವರ ಹೆಸರು ಇಂಟರ್‌ನ್ಯಾಷನಲ್ ಜರ್ನಲ್‌ನಲ್ಲಿ ಹಾಕಿದರೆ ಲೆವೆಲ್ ಕಡಿಮೆಯಾಗುತ್ತದೆ ಮೇಡಂ" ಎಂದರು. ಹಣ ಹೋದದ್ದಕ್ಕಿಂತ ಈ ಮಾತಿಗೆ ನನಗೆ ಹೆಚ್ಚು ಸಿಟ್ಟು ಬಂತು. ಈಗಲೂ ಬರುತ್ತಿದೆ.

ಹಣ ವಾಪಸು ಕೇಳಿದಾಗ ಮೊದಲು "ಸರ್ವಿಸ್ ಕೊಟ್ಟಾಗಿದೆ" ಎಂದರು, ಆಮೇಲೆ "ಇನ್ನೊಂದು ಜರ್ನಲ್ ಇದೆ, ಏಳು ದಿನದಲ್ಲಿ ಗ್ಯಾರಂಟಿ ಪಬ್ಲಿಕೇಷನ್, ಹದಿನೆಂಟು ಸಾವಿರ, ಯುಜಿಸಿ ಕೇರ್ ಪಟ್ಟಿಯಲ್ಲಿದೆ" ಎಂದರು. ಒಪ್ಪಿತ ಜರ್ನಲ್ಲುಗಳ ಆ ಪಟ್ಟಿಯನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಫೆಬ್ರುವರಿಯಲ್ಲೇ ಕೈಬಿಟ್ಟಾಗಿದೆ. ಅದನ್ನು ಹೇಳಿದ ಮೇಲೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದರು.

ಆದ್ದರಿಂದ ಫಾರ್ಮ್ಯಾಟ್ ಕೆಲಸವನ್ನು ದಯವಿಟ್ಟು ನೀವೇ ಮಾಡಿ. ಎಲ್ಸೆವಿಯರ್ ಪ್ರಕಾಶನದ ಅನೇಕ ಜರ್ನಲ್‌ಗಳು ಮೊದಲ ಸಲ ಕಳುಹಿಸುವಾಗ ಇಂಥದೇ ಕ್ರಮ ಬೇಕೆಂದು ಹಟ ಹಿಡಿಯುವುದೂ ಇಲ್ಲ, ಒಂದೇ ಬಗೆಯಲ್ಲಿ ಇದ್ದರೆ ಸಾಕು. ಇದನ್ನು ನಾನು ಮೊದಲೇ ಮಾರ್ಗಸೂಚಿಯಲ್ಲಿ ಓದಿದ್ದರೆ ಈ ಜನರಿಗೆ ಫೋನೇ ಮಾಡುತ್ತಿರಲಿಲ್ಲ. ಉಲ್ಲೇಖಗಳನ್ನು ಜೋಡಿಸಲು ಝೊಟೆರೊ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕಲಿಯಲು ನನಗೆ ಒಂದು ಸಂಜೆ ಸಾಕಾಯಿತು. ಅಕಸ್ಮಾತ್ ಯಾರಿಗಾದರೂ ಕೊಟ್ಟಿದ್ದರೆ, ವರ್ಡ್‌ನಲ್ಲಿ ಎರಡು ಪ್ರತಿಗಳನ್ನು ಹೋಲಿಸುವ ಸೌಲಭ್ಯ ಇದೆ, ಅದರಲ್ಲಿ ಹಾಕಿ ಪ್ರತಿಯೊಂದು ಬದಲಾವಣೆಯನ್ನೂ ನೋಡದೆ ಕಳುಹಿಸಬೇಡಿ. ಒಂದು ಅಂಕಿ ಬದಲಾಗಿದ್ದರೂ ಹಣ ಕೊಡಬೇಡಿ.

ಗೈಡ್ ನನ್ನನ್ನು ಬೈಯಲಿಲ್ಲ. ಎರಡೂ ಪ್ರತಿಗಳನ್ನು, ಪ್ರಯೋಗಾಲಯದ ಮೂಲ ವರದಿಯನ್ನು, ವಾಟ್ಸಾಪ್ ಸಂಭಾಷಣೆಯನ್ನು ಜೋಡಿಸಿ ಸಂಪಾದಕರಿಗೆ ಕ್ಷಮಾಪಣೆಯ ಪತ್ರ ಬರೆಯಲು ಹೇಳಿದರು, ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮೂಲ ಪ್ರತಿಯನ್ನು ನಾನೇ ಮೊದಲಿನಿಂದ ಹೊಂದಿಸುತ್ತಿದ್ದೇನೆ, ಕೋಷ್ಟಕ ಮುಗಿದಿದೆ, 99.42 ಎಂಬುದು 99.42 ಆಗಿಯೇ ಇದೆ. ಆ ಸಂಸ್ಥೆಯವರು ಈಗ ಬೇರೆ ಹೆಸರಿನಲ್ಲಿ ಗುಂಪುಗಳಿಗೆ ಸಂದೇಶ ಹಾಕುತ್ತಿದ್ದಾರೆ. "ಕಂಟೆಂಟ್ ಮುಟ್ಟುವುದಿಲ್ಲ" ಎಂಬ ಸಾಲು ಮಾತ್ರ ಅದೇ ಇದೆ, ಅದರಿಂದಲೇ ನಾನು ಗುರುತು ಹಿಡಿದದ್ದು.