ಸಮ್ಮಿಳನ ಸ್ಥಾವರದ ವೆಚ್ಚ: ಬಿಡಿಭಾಗಗಳ ಲೆಕ್ಕವೋ, ಅನುಭವದ ಲೆಕ್ಕವೋ?

ಹಗುರ ಪರಮಾಣು ಬೀಜಗಳು ಬೆಸೆದಾಗ ಹೊಮ್ಮುವ ಶಕ್ತಿಯಿಂದ, ಅಂದರೆ ಬೈಜಿಕ ಸಮ್ಮಿಳನದಿಂದ, ವಿದ್ಯುತ್ ತಯಾರಿಸುವ ಸ್ಥಾವರದ ವೆಚ್ಚವನ್ನು ಅಂದಾಜಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಮನೆ ಕಟ್ಟುವ ಮುನ್ನ ಇಂಜಿನಿಯರರು ಬರೆದುಕೊಡುವ ಎಸ್ಟಿಮೇಟ್‌ನಂತೆ ಅಯಸ್ಕಾಂತ, ಸಮ್ಮಿಳನ ನಡೆಯುವ ನಿರ್ವಾತ ಕೋಶ, ಟರ್ಬೈನು, ಕಟ್ಟಡಗಳಿಗೆ ಬೇರೆಬೇರೆ ಬೆಲೆ ಕಟ್ಟಿ ಕೂಡಿಸುವುದು ಒಂದು. ಸಮ್ಮಿಳನ ಸ್ಥಾವರಗಳ ವಿನ್ಯಾಸ ಕುರಿತ ಅಮೆರಿಕದ ಏರೀಸ್ ಅಧ್ಯಯನಗಳು ಹಿಡಿದದ್ದು ಇದನ್ನೇ. ಈಗಾಗಲೇ ಕೈಗೊಂಡ ಯೋಜನೆಗಳಲ್ಲಿ ಮೂಲ ಅಂದಾಜು ಎಷ್ಟು ಪಟ್ಟು ಹಿಗ್ಗಿತೆಂದು ನೋಡಿ ಮೊತ್ತ ನಿರ್ಧರಿಸುವುದು ಇನ್ನೊಂದು.

ಬಿಡಿಭಾಗಗಳ ಲೆಕ್ಕದಲ್ಲಿ, ಅಯಸ್ಕಾಂತಕ್ಕೆ ಸುತ್ತುವ ಅತಿವಾಹಕ (ರೋಧವಿಲ್ಲದೆ ವಿದ್ಯುತ್ ಹರಿಸುವ) ತಂತಿಯ ದರ ಇಳಿದರೆ ಒಟ್ಟು ವೆಚ್ಚ ಎಷ್ಟು ತಗ್ಗೀತೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗಿ ಬರುವ ಖರ್ಚು ಅದರಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಹಲವು ದೇಶಗಳು ಕೂಡಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟಿಇಆರ್ ಎಂಬ ಸಮ್ಮಿಳನ ಯೋಜನೆಗೆ 2006ರ ಸುಮಾರಿಗೆ 500 ಕೋಟಿ ಯೂರೊ ಸಾಕೆನ್ನಲಾಗಿತ್ತು; ಇಂದು ಆ ಮೊತ್ತ 2,000 ಕೋಟಿ ದಾಟಿದೆ. 2022ರಲ್ಲಿ, ಬೆಸುಗೆ ಹಾಕಬೇಕಿದ್ದ ನಿರ್ವಾತ ಕೋಶದ ಭಾಗಗಳ ಅಂಚುಗಳು ನಿಗದಿತ ಅಳತೆಗೆ ಹೊಂದದಿರುವುದೂ ಶಾಖ ತಡೆಯುವ ಉಷ್ಣ ಕವಚದ ತಂಪುಗೊಳವೆಗಳು ರಾಸಾಯನಿಕ ಸವೆತದಿಂದ ಬಿರುಕು ಬಿಟ್ಟಿರುವುದೂ ಬೆಳಕಿಗೆ ಬಂದು, ಯಂತ್ರ ಜೋಡಿಸುವ ಗುಂಡಿಗೆ ಇಳಿಸಿದ್ದ ಬೃಹತ್ ಭಾಗವೊಂದನ್ನು ಮರುವರ್ಷ ಮೇಲೆತ್ತಬೇಕಾಯಿತು. ಇಂಥ ಬಾಬತ್ತನ್ನು ಮೊದಲೇ ಯಾರು ಬರೆದಿಟ್ಟಾರು?

ಹಾಗೆಂದು ಆ ಹಿಗ್ಗನ್ನು ವಾಣಿಜ್ಯ ಸ್ಥಾವರಕ್ಕೆ ಯಥಾವತ್ತಾಗಿ ಅನ್ವಯಿಸುವುದೂ ಸರಿಯಲ್ಲ. ಐಟಿಇಆರ್ ವಿದ್ಯುತ್ ತಯಾರಿಸದ ಪ್ರಯೋಗಯಂತ್ರ. ಅದರ ಭಾಗಗಳ ತಯಾರಿಕೆಯನ್ನು ಭಾರತವೂ ಸೇರಿ ಯೋಜನೆಯ ಏಳು ಸದಸ್ಯರು ಹಂಚಿಕೊಂಡಿದ್ದು, ಇಡೀ ಯಂತ್ರವನ್ನು ಸುತ್ತುವರಿಯುವ ಶೀತಕವಚವನ್ನು ಗುಜರಾತಿನ ಹಜೀರಾದಲ್ಲಿ ತಯಾರಿಸಲಾಯಿತು. ವಾಣಿಜ್ಯ ಸ್ಥಾವರದ ಕೆಲಸ ಹೀಗೆ ಹಂಚಿಹೋಗಬೇಕೆಂದಿಲ್ಲ.

ಎರಡು ವಿನ್ಯಾಸಗಳಲ್ಲಿ ಒಂದನ್ನು ಆರಿಸುವವರು ಬಿಡಿಭಾಗಗಳ ಲೆಕ್ಕವನ್ನು ನೆಚ್ಚಬಹುದು. ಹಣ ಹೂಡುವವರು ಮಾತ್ರ ಅನುಭವದ ಲೆಕ್ಕವನ್ನು ಮೊದಲು ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.