ಪ್ರೊಟೀನ್ ಐಸ್‌ಕ್ರೀಮ್ ಮಷಿನ್: ಯಾರಿಗೆ ಬೇಕು, ಯಾರಿಗೆ ಬೇಡ

ಬರೀ ಬಾಳೆಹಣ್ಣಿನ ಐಸ್‌ಕ್ರೀಮ್ ಮಾಡಿಕೊಳ್ಳುವ ಆಸೆ ಇದ್ದರೆ ಈ ಮಷಿನ್ ತಗೋಬೇಡಿ. ಮನೆಯ ಮಿಕ್ಸಿ ಸಾಕು. ಚೆನ್ನಾಗಿ ಹಣ್ಣಾದ ಪಚ್ಚಬಾಳೆಯನ್ನು ಬಿಲ್ಲೆಗಳಾಗಿ ಹೆಚ್ಚಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಎರಡು ಚಮಚ ಗಟ್ಟಿ ಮೊಸರು ಸೇರಿಸಿ, ಚಿಕ್ಕ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ನುಣ್ಣಗೆ ಬರುತ್ತದೆ. ಬಾಳೆಯ ತಿರುಳಿನಲ್ಲೇ ಆ ಗುಣ ಇದೆ. (ನಂಜನಗೂಡು ರಸಬಾಳೆ ಸಿಕ್ಕರೆ ಮಾತ್ರ ದಯವಿಟ್ಟು ಫ್ರೀಜರ್‌ಗೆ ಹಾಕಬೇಡಿ. ಸುಮ್ನೆ ಸುಲಿದು ತಿನ್ನಿ.)

ತಾಪತ್ರಯ ಶುರುವಾಗುವುದು ಮಾವು ಬೇಕು, ಸೀತಾಫಲ ಬೇಕು, ಸಕ್ಕರೆ ಕಮ್ಮಿ ಇರಬೇಕು, ಮೇಲಿಂದ ಪ್ರೊಟೀನ್ ಜಾಸ್ತಿ ಇರಬೇಕು ಅಂದಾಗ. ಅಂಗಡಿಯ ಐಸ್‌ಕ್ರೀಮ್ ಮೆತ್ತಗಿರುವುದು ಸಕ್ಕರೆ, ಕೊಬ್ಬು, ಗಾಳಿ ಈ ಮೂರರ ದಯೆಯಿಂದ. ಸಕ್ಕರೆ ಇದ್ದರೆ ನೀರೆಲ್ಲ ಗಟ್ಟಿಯಾಗುವುದಿಲ್ಲ. ಕೊಬ್ಬು ನಾಲಿಗೆಗೆ ನುಣುಪು ಕೊಡುತ್ತದೆ. ಗಾಳಿ ಹಗುರ ಮಾಡುತ್ತದೆ. ಡಬ್ಬಿಯ ಮೇಲೆ ಐಸ್‌ಕ್ರೀಮ್ ಅಂತ ಬರೆಯಬೇಕಾದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ ಕನಿಷ್ಠ ಶೇ. 10 ಹಾಲಿನ ಕೊಬ್ಬು ಇರಬೇಕು. ಪ್ರೊಟೀನ್ ಶೇ. 3.5 ಇದ್ದರೆ ಸಾಕು. ನಾವು ಕೊಬ್ಬು, ಸಕ್ಕರೆ ಎರಡನ್ನೂ ಕಿತ್ತುಹಾಕಿ ಪ್ರೊಟೀನ್ ಪುಡಿ ಸುರಿದರೆ ಫ್ರೀಜರ್‌ನಿಂದ ಇಟ್ಟಿಗೆಯೇ ಹೊರಬರುವುದು. ಅದನ್ನು ಮಿಕ್ಸಿಗೆ ಹಾಕಿದರೆ ಬ್ಲೇಡೂ ಹಾಳು, ಮೋಟಾರೂ ಹಾಳು.

ಈ ಇಟ್ಟಿಗೆಯನ್ನು ಕೊರೆಯುವುದೇ ಮಷಿನ್ನಿನ ಕೆಲಸ. ಸುಮಾರು ಅರ್ಧ ಲೀಟರಿನ ಡಬ್ಬಿಯಲ್ಲಿ ಮಿಶ್ರಣ ತುಂಬಿ 24 ಗಂಟೆ ಫ್ರೀಜ್ ಮಾಡಬೇಕು. ಆಮೇಲೆ ಡಬ್ಬಿಯನ್ನು ಮಷಿನ್ನಿಗೆ ಸಿಕ್ಕಿಸಿದರೆ, ಜೋರಾಗಿ ತಿರುಗುವ ಬ್ಲೇಡ್ ಮೇಲಿಂದ ಕೆಳಗೆ ಪದರ ಪದರವಾಗಿ ಹೆರೆಯುತ್ತಾ ಇಳಿಯುತ್ತದೆ. ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಕೋಜೆಟ್ ಇದೇ ಕೆಲಸವನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದೆ. 2021ರಲ್ಲಿ ಅಮೆರಿಕದಲ್ಲಿ ನಿಂಜಾ ಕ್ರೀಮಿ ಬಂದ ಮೇಲೆ ಇದು ಮನೆಗಳಿಗೂ ಇಳಿಯಿತು. ನನ್ನದು ಅದಲ್ಲ, ಅದೇ ಬಗೆಯ ಬೇರೆ ಕಂಪನಿಯದು. ಹೆಸರು ಹೇಳುವುದಿಲ್ಲ, ಯಾಕೆಂದರೆ ಮುಂದೆ ಸ್ವಲ್ಪ ಬೈಯುವುದಿದೆ. ಅಮೆರಿಕದಲ್ಲಿರುವ ತಮ್ಮನ ಕೈಲಿ ತರಿಸೋಣ ಅನ್ನುವವರಿಗೆ ಒಂದು ಮಾತು: ಅಲ್ಲಿನ ಮಷಿನ್ 120 ವೋಲ್ಟಿನದು, ನಮ್ಮದು 230. ನೇರ ಸಿಕ್ಕಿಸಿದರೆ ಕಥೆ ಮುಗಿಯಿತು.

ನಾನು ಮೈಸೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಬೆಳಿಗ್ಗೆ ಜಿಮ್‌ಗೆ ಹೋಗಿ ಭಾರ ಎತ್ತುತ್ತೇನೆ. ಮನೆಯಲ್ಲಿ ಮೊಟ್ಟೆಯೂ ಇಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದಲ್ಲಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 60 ಕೆಜಿಯವರಿಗೆ ಹತ್ತಿರ ಹತ್ತಿರ 50 ಗ್ರಾಂ. ತಿಳಿಸಾರು, ಹುರುಳಿಕಾಯಿ ಪಲ್ಯದಲ್ಲಿ ಅಷ್ಟು ಮುಟ್ಟುವುದು ಕಷ್ಟ. ನನಗಾದರೂ ಪುಡಿ ಕಲಸಿ ಕುಡಿಯುವ ಅಭ್ಯಾಸ ಇದೆ. ಡಾಕ್ಟರು ಪ್ರೊಟೀನ್ ಜಾಸ್ತಿ ತಗೊಳ್ಳಿ ಅಂದದ್ದು ಅತ್ತೆಗೆ. ಅವರು ಆ ಪುಡಿಯನ್ನು ಮೂಸಿ ನೋಡಿ "ಇದು ಔಷಧಿ, ಊಟ ಅಲ್ಲ" ಅಂತ ಪಕ್ಕಕ್ಕಿಟ್ಟರು. ಮಷಿನ್ ಬಂದದ್ದು ಮುಖ್ಯವಾಗಿ ಅವರಿಗಾಗಿ.

ನನ್ನ ಅಳತೆ ಇದು. ಬಾದಾಮಿ ಮಾವಿನ ತಿರುಳು 200 ಗ್ರಾಂ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 150 ಗ್ರಾಂ. ರುಚಿ-ವಾಸನೆ ಹಾಕದ ವೇ ಪುಡಿ (ಹಾಲಿನಿಂದ ತೆಗೆದ ಪ್ರೊಟೀನ್ ಪುಡಿ) ಒಂದು ಸ್ಕೂಪ್, ಅಂದರೆ 30 ಗ್ರಾಂ. ಹಾಲು ಕಾಲು ಲೋಟ. ಒಂದು ಚಿಟಿಕೆ ಉಪ್ಪು, ಒಂದು ಏಲಕ್ಕಿ, ಒಂದು ಚಮಚ ಜೋನಿ ಬೆಲ್ಲ. ಎಲ್ಲವನ್ನೂ ಮಿಕ್ಸಿಯಲ್ಲಿ ತಿರುವಿ, ನೊರೆ ಇಳಿಯುವ ತನಕ ಬಿಟ್ಟು ಡಬ್ಬಿಗೆ ಸುರಿಯುವುದು. ಫ್ರೀಜ್ ಮಾಡುವ ಮೊದಲು ನೆಕ್ಕಿ ನೋಡಿದರೆ ಸಿಹಿ ಒಂದು ಚೂರು ಹೆಚ್ಚಾಯ್ತು ಅನ್ನಿಸಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತದೆ. ವೇ ಪುಡಿಯಲ್ಲಿ 24 ಗ್ರಾಂ, ಮೊಸರಿನಲ್ಲಿ ಹತ್ತು ಹನ್ನೆರಡು, ಹಾಲು-ಹಣ್ಣಿನದು ಸ್ವಲ್ಪ. ಡಬ್ಬಿಗೆ ಸುಮಾರು 37 ಗ್ರಾಂ ಪ್ರೊಟೀನ್ ಆಯಿತು. ಇಬ್ಬರು ಹಂಚಿಕೊಂಡರೂ ಒಳ್ಳೆಯ ಲೆಕ್ಕವೇ. ಮೊಸರಿನಿಂದ ಇಳಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಹಾಕಿ.

ಪೂರ್ತಿ ಪುಡಿಯನ್ನೇ ನಂಬಿದರೆ ಸೀಮೆಸುಣ್ಣದ ರುಚಿ ಬರುತ್ತದೆ. ಅದಕ್ಕೇ ಒಂದಿಷ್ಟು ಭಾರ ಮೊಸರಿನ ಮೇಲೆ ಹಾಕುವುದು. ಮೊಸರಿನಲ್ಲಿರುವ ಕೇಸೀನ್ ಎಂಬ ಪ್ರೊಟೀನ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಂಜಿನ ಹರಳು ದೊಡ್ಡದಾಗಲು ಬಿಡುವುದಿಲ್ಲ. ಹಾಲಿನ ಪುಡಿಯೂ ಆಗುತ್ತದೆ. ಆದರೆ ಜಾಸ್ತಿಯಾದರೆ ಅದರ ಲ್ಯಾಕ್ಟೋಸ್‌ನಿಂದ (ಹಾಲಿನ ಸಕ್ಕರೆ) ಬಾಯಲ್ಲಿ ಮರಳು ಸಿಕ್ಕಂತಾಗುತ್ತದೆ.

ಅನಾನಸ್ ಬಗ್ಗೆ ಎಚ್ಚರ. ಬನವಾಸಿ ಕಡೆಯ ಹಣ್ಣು ಎಷ್ಟೇ ಸಿಹಿ ಇರಲಿ, ಹಸಿಯಾಗಿ ಹಾಲು-ಮೊಸರಿಗೆ ಬೆರೆಸಿಟ್ಟರೆ ಕಹಿಯಾಗುತ್ತದೆ. ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೊಟೀನನ್ನೇ ತುಂಡರಿಸುತ್ತದೆ. ಫ್ರೀಜ್ ಮಾಡಿದರೂ ಅದು ಸಾಯುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಗೊಜ್ಜಿಗೆ ಬೇಯಿಸುವ ಹಾಗೆ ಬೇಯಿಸಿ, ಆರಿಸಿ ಹಾಕಿ. ಪಪ್ಪಾಯಕ್ಕೂ ಇದೇ ಮಾತು.

ಇನ್ನು ಮಷಿನ್ನಿನ ಗುಣಾವಗುಣ. ಮೊದಲ ಸುತ್ತಿಗೆ ಹೊರಬರುವುದು ಐಸ್‌ಕ್ರೀಮ್ ಅಲ್ಲ, ಉದುರುದುರು ಪುಡಿ. ಗಾಬರಿ ಬೇಡ. ಒಂದು ಚಮಚ ಹಾಲು ಹಾಕಿ ಇನ್ನೊಂದು ಸುತ್ತು ಕೊಟ್ಟರೆ ಕೂಡಿಕೊಳ್ಳುತ್ತದೆ. ಆಗ ಬರುವ ನುಣುಪು ನಿಜಕ್ಕೂ ಚೆನ್ನ, ಮಿಕ್ಸಿಯಲ್ಲಿ ಕನಸಿನಲ್ಲೂ ಬರುವುದಿಲ್ಲ. ಆದರೆ ಸದ್ದು! ಪಕ್ಕದ ಮನೆಯವರು ಬೋರ್‌ವೆಲ್ ಕೊರೆಸುತ್ತಿದ್ದಾರಾ ಅಂತ ಕೇಳಿದ್ದಾರೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ರಾತ್ರಿ ಒಂಬತ್ತರ ಮೇಲೆ ಮುಟ್ಟಬೇಡಿ. ಉಳಿದದ್ದನ್ನು ಫ್ರೀಜರ್‌ಗೆ ವಾಪಸ್ ಇಟ್ಟರೆ ಮತ್ತೆ ಕಲ್ಲು, ಮತ್ತೆ ಸುತ್ತು, ಮತ್ತೆ ಸದ್ದು. ಕರೆಂಟ್ ಹೋದಾಗ ನಮ್ಮ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ.

ಜಾಗವೂ ದೊಡ್ಡ ರಗಳೆ. ಡಬ್ಬಿ ಫ್ರೀಜರ್‌ನಲ್ಲಿ ಸಮತಟ್ಟಾಗಿ ಕೂರಬೇಕು. ಓರೆಯಾಗಿ ಗಟ್ಟಿಯಾದರೆ ಬ್ಲೇಡಿಗೆ ಪೆಟ್ಟು. ಡಿಸೆಂಬರ್ ಬಂತೆಂದರೆ ನಮ್ಮ ಫ್ರೀಜರ್ ತುಂಬಾ ಹಿದುಕಿದ ಅವರೆಬೇಳೆ. ಆಗ ಐಸ್‌ಕ್ರೀಮಿಗೆ ಜಾಗ ಕೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ.

ನನ್ನ ನಿಜವಾದ ಸಿಟ್ಟು ಡಬ್ಬಿಗಳ ಮೇಲೆ. ಮಷಿನ್ ಜೊತೆ ಎರಡೇ ಕೊಡುತ್ತಾರೆ. 24 ಗಂಟೆ ಫ್ರೀಜ್ ಮಾಡುವ ಸಾಮಾನಿಗೆ ಎರಡು ಯಾವ ಮೂಲೆಗೆ? ಬಿಡಿ ಡಬ್ಬಿ ಕೇಳಿದರೆ ಕಸ್ಟಮರ್ ಕೇರ್‌ನವರು "ಸ್ಟಾಕ್ ಬಂದ ಮೇಲೆ ಹೇಳ್ತೀವಿ ಮೇಡಂ" ಅನ್ನುತ್ತಾರೆ. ಬೆಲೆಯೂ ಒಂದು ಒಳ್ಳೆ ಮಿಕ್ಸಿಗಿಂತ ಬಹಳ ಜಾಸ್ತಿ. ಕೊಳ್ಳುವ ಮೊದಲು ಬಿಡಿ ಡಬ್ಬಿ, ಬ್ಲೇಡ್ ಈಗಲೇ ಸಿಗುತ್ತದಾ ಅಂತ ಕೇಳಿ. ಸಿಗದಿದ್ದರೆ ಬೇರೆ ಕಂಪನಿ ನೋಡಿ.

ಸದ್ಯಕ್ಕೆ ಒಂದು ಡಬ್ಬಿ ಅತ್ತೆಯದು, ಒಂದು ನನ್ನದು. ಯಜಮಾನರು ನಂದಿನಿ ಬೂತಿನಲ್ಲಿ ಕೋನ್ ತಿಂದುಕೊಂಡು ಬರುತ್ತಾರೆ. ಅವರ ಕಡೆಯಿಂದ ದೂರೇನೂ ಬಂದಿಲ್ಲ.