ಮನೆ ಸರ್ವರ್‌ಗೆ ಯಾವ ಕಾರ್ಡ್: ಹಳೆಯ ಎಲ್‌ಎಸ್‌ಐಯೋ, ಎಎಸ್‌ಎಂ1166ಓ?

ಡಿಸ್ಕ್ ಜೋಡಿಸಲು ಮದರ್‌ಬೋರ್ಡಿನ ಸಾಟಾ ಪೋರ್ಟ್‌ಗಳು ಸಾಲದಾದಾಗ ಹೆಚ್ಚಿನವರು ಬಂದು ನಿಲ್ಲುವುದು ಪೋರ್ಟ್ ಹೆಚ್ಚಿಸುವ ಈ ಎರಡು ಕಾರ್ಡ್‌ಗಳ ಮುಂದೆ.

ಸೆಕೆಂಡ್‌ಹ್ಯಾಂಡ್ ಎಲ್‌ಎಸ್‌ಐ 9211-8ಐ ಗಟ್ಟಿ ಆಸಾಮಿ. 8 ಡಿಸ್ಕ್ ಹಿಡಿಯುತ್ತದೆ, ದೊಡ್ಡ ಸರ್ವರ್‌ಗಳಲ್ಲಿ ಬಳಸುವ ಸ್ಯಾಸ್ ಡಿಸ್ಕೂ ನಡೆಯುತ್ತದೆ. ಆದರೆ ಅದನ್ನು ಮಾಡಿದ್ದು ಸದಾ ಗಾಳಿ ಬೀಸುವ ಸರ್ವರ್ ರ‍್ಯಾಕ್‌ಗೆ. ಮನೆಯ ಸದ್ದಿಲ್ಲದ ಪೆಟ್ಟಿಗೆಯಲ್ಲಿ ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಚುರ್ರೆನ್ನುತ್ತದೆ. ಹೆಚ್ಚುಕಡಿಮೆ 10 ವ್ಯಾಟ್ ಎಂದಿಟ್ಟುಕೊಳ್ಳಿ: ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 88 ಯೂನಿಟ್. ಇದು ಕಣ್ಣಿಗೆ ಕಾಣುವ ಖರ್ಚು. ಕಾಣದ್ದು ಇನ್ನೊಂದಿದೆ. ಕಾರ್ಡನ್ನು ಮದರ್‌ಬೋರ್ಡಿಗೆ ಬೆಸೆಯುವ ಪಿಸಿಐಇ ಕೊಂಡಿಯನ್ನು ಬಿಡುವಿನಲ್ಲಿ ಮಲಗಿಸುವ ಎಎಸ್‌ಪಿಎಂ ಇದರಲ್ಲಿ ನಡೆಯದ ಕಾರಣ ಪ್ರೊಸೆಸರ್ ಕೂಡ ಆಳದ ಸಿ-ಸ್ಟೇಟ್‌ಗೆ (ವಿದ್ಯುತ್ ಉಳಿಸುವ ನಿದ್ದೆಗೆ) ಇಳಿಯದೆ ಅರೆನಿದ್ದೆಯಲ್ಲೇ ಉಳಿಯುತ್ತದೆ. ಮನೆಗೆ ಬಂದ ನೆಂಟ ತಾನೂ ಮಲಗದೆ ಮನೆಯವರನ್ನೂ ಎಚ್ಚರವಿಟ್ಟಂತೆ!

ಎಎಸ್‌ಎಂ1166 ಚಿಪ್‌ನ ಕಾರ್ಡ್‌ಗೆ 6 ಪೋರ್ಟ್, ಪಿಸಿಐಇ 3.0ರ ಎರಡು ಲೇನ್ (ಡೇಟಾ ಓಡಾಡುವ ದಾರಿ). ತಿರುಗುವ ಡಿಸ್ಕ್‌ಗಳಿಗೆ ಅಷ್ಟು ಧಾರಾಳ. ಎಎಸ್‌ಪಿಎಂ ಇದೆ, ಫ್ಯಾನ್ ಬೇಡ. ಕೆಲವು ಕಾರ್ಡ್‌ಗಳು ಹಳೆಯ ಫರ್ಮ್‌ವೇರ್‌ನೊಂದಿಗೆ (ಕಾರ್ಡಿನೊಳಗಿನ ತಂತ್ರಾಂಶ) ಬರುತ್ತವೆ, ಆಗ ಎಎಸ್‌ಪಿಎಂ ಸರಿಯಾಗಿ ನಡೆಯದಿರಬಹುದು. ಹಾಕಿದ ಮೇಲೆ ಲಿನಕ್ಸ್‌ನ ಪವರ್‌ಟಾಪ್ ತಂತ್ರಾಂಶದಲ್ಲಿ ಸಿ-ಸ್ಟೇಟ್ ನೋಡಿಕೊಳ್ಳಿ. ಒಂದೇ ಪೋರ್ಟನ್ನು ಹಲವು ಡಿಸ್ಕ್‌ಗಳಿಗೆ ಹಂಚುವ ಪೋರ್ಟ್ ಮಲ್ಟಿಪ್ಲೈಯರ್ ಸೇರಿಸಿ 10, 20 ಪೋರ್ಟ್ ಎಂದು ಮಾರುವ ಅಗ್ಗದ ಕಾರ್ಡ್‌ಗಳ ತಂಟೆಗೆ ಹೋಗಬೇಡಿ.

ಸಾಟಾ ಡಿಸ್ಕ್ ಆರರೊಳಗಿದ್ದರೆ ನನ್ನ ಮತ ಎಎಸ್‌ಎಂ1166ಗೆ. ಸ್ಯಾಸ್ ಡಿಸ್ಕ್ ಇದ್ದರೆ ಎಲ್‌ಎಸ್‌ಐಯೇ ಗತಿ. ಆಗ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ, ಹೀಟ್‌ಸಿಂಕ್ ಮೇಲೆ 40 ಮಿ.ಮೀ. ಫ್ಯಾನೊಂದನ್ನು ಕೂರಿಸಿ.